ತೋಟದ ಒಂಟಿ ದಾರಿಗೆ ಸೊಂಟದಲ್ಲಿ ರಿವಾಲ್ವರ್: ಲೈಸೆನ್ಸ್ ಸಿಗುತ್ತದೆಯೇ, ಸಿಕ್ಕರೆ ಪ್ರಯೋಜನವಿದೆಯೇ?

ಪ್ರಶ್ನೆ: ಸಕಲೇಶಪುರ ತಾಲ್ಲೂಕಿನ ಕಾಫಿ ಬೆಳೆಗಾರ

ಎಲ್ಲರಿಗೂ ನಮಸ್ಕಾರ. ಹೆತ್ತೂರು ಭಾಗದಲ್ಲಿ ನಮ್ಮದೊಂದು ಸಾಧಾರಣ ಅಳತೆಯ ಕಾಫಿ ತೋಟವಿದೆ. ಟಾರು ರಸ್ತೆಯಿಂದ ಮನೆಗೆ ಬರುವುದು ಉದ್ದನೆಯ ಮಣ್ಣಿನ ದಾರಿ. ಎರಡು ಕಡೆಯೂ ತೋಟ, ನಡುವೆ ಒಂದು ಹಳ್ಳ, ಹಳ್ಳ ದಾಟಿದ ಮೇಲೆ ಮೊಬೈಲಿಗೆ ಸಿಗ್ನಲ್ ಸಿಗುವುದಿಲ್ಲ. ಹಣ್ಣು ಕುಯ್ಯುವ ತಿಂಗಳುಗಳಲ್ಲಿ ವಾರದ ಬಟವಾಡೆಗೆ ಬ್ಯಾಂಕಿನಿಂದ ನಗದು ತರಬೇಕಾಗುತ್ತದೆ. ಮೆಣಸು ಮಾರಿದ ದಿನ ಮನೆ ಸೇರುವಷ್ಟರಲ್ಲಿ ಕತ್ತಲಾಗಿರುತ್ತದೆ. ಈ ಸಲದ ಕೊಯ್ಲಿನಲ್ಲಿ ಒಂದು ಸಂಜೆ, ಒಂದೇ ಬೈಕಿನಲ್ಲಿ ಕುಳಿತ ಇಬ್ಬರು ಪಟ್ಟಣದಿಂದ ನಮ್ಮ ಜೀಪಿನ ಹಿಂದೆಯೇ ಬಂದು, ನಮ್ಮ ದಾರಿಯ ತಿರುವಿನಲ್ಲಿ ದೀಪ ಆರಿಸಿ ನಿಂತಿದ್ದರು. ಏನೂ ಅನಾಹುತವಾಗಲಿಲ್ಲ. ಠಾಣೆಗೆ ಲಿಖಿತವಾಗಿ ತಿಳಿಸಿದ್ದೇನೆ. ಆದರೆ ಅಂದಿನಿಂದ ಮನೆಯಾಕೆ ನಾನು ಮರಳುವವರೆಗೆ ಜಗುಲಿಯಲ್ಲೇ ಕುಳಿತಿರುತ್ತಾಳೆ.

ತಂದೆಯವರ ಕಾಲದ ಜೋಡುನಳಿಗೆ ಕೋವಿಯೊಂದು ಮನೆಯಲ್ಲಿದೆ. ಅದನ್ನು ಜೀಪಿನಲ್ಲಿಟ್ಟುಕೊಂಡು ಪೇಟೆಗೆ ಹೋಗಿಬರುವುದು ಆಗದ ಮಾತು. ಪರಿಚಿತರೊಬ್ಬರು, ಒಂದು ರಿವಾಲ್ವರ್‌ಗೆ ಅರ್ಜಿ ಹಾಕಿ, ಅಂಗಿಯ ಒಳಗೆ ಕಾಣದಂತೆ ಇಟ್ಟುಕೊಂಡರೆ ಧೈರ್ಯವಾಗಿ ಓಡಾಡಬಹುದು ಎನ್ನುತ್ತಾರೆ. ನನಗೆ ತಿಳಿಯಬೇಕಾದದ್ದು ಇಷ್ಟು: ನಮ್ಮಂಥವರಿಗೆ ರಿವಾಲ್ವರ್ ಲೈಸೆನ್ಸ್ ಕೊಡುತ್ತಾರೆಯೇ? ಹೊರಗೆ ಕಾಣದಂತೆ ಇಟ್ಟುಕೊಂಡು ತಿರುಗಾಡುವುದಕ್ಕೆ ಕಾನೂನಿನಲ್ಲಿ ಅವಕಾಶವಿದೆಯೇ? ಅದಕ್ಕಿಂತ ಹೆಚ್ಚಾಗಿ, ಅಂಥ ಗಳಿಗೆ ನಿಜಕ್ಕೂ ಬಂದಾಗ ಅದು ಕೈಗೆ ಬರುತ್ತದೆಯೇ? ಅನುಭವವಿರುವವರು ದಯವಿಟ್ಟು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.

ಉತ್ತರ: ಹಾಸನದ ವಕೀಲ

ನಮ್ಮ ದೇಶದಲ್ಲಿ ಬಂದೂಕು ಇಟ್ಟುಕೊಳ್ಳುವುದು ಹಕ್ಕಲ್ಲ, ಅದು ಸರ್ಕಾರ ಷರತ್ತುಗಳೊಂದಿಗೆ ಕೊಡುವ ಅನುಮತಿ ಎಂಬುದನ್ನು ಮೊದಲು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಉತ್ತರ ಪ್ರದೇಶದ ಪರವಾನಗಿಯಿಲ್ಲದ ಬಂದೂಕುಗಳ ವಿಚಾರ 2023ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದಾಗ, ಅಮೆರಿಕದ ಸಂವಿಧಾನದಲ್ಲಿರುವಂಥ ಹಕ್ಕನ್ನು ನಮ್ಮ ಸಂವಿಧಾನ ಯಾರಿಗೂ ಕೊಟ್ಟಿಲ್ಲ ಎಂಬ ಮಾತನ್ನು ನ್ಯಾಯಪೀಠ ಸ್ಪಷ್ಟವಾಗಿಯೇ ಆಡಿತು. ಪಕ್ಕದ ಕೊಡಗಿನಲ್ಲಿ ಕೊಡವರಿಗೂ ಜಮ್ಮಾ (ವಂಶಪಾರಂಪರ್ಯದ ಭೂಮಿ) ಹಿಡುವಳಿದಾರರಿಗೂ ಬಂದೂಕು ಲೈಸೆನ್ಸಿನಿಂದ ಇರುವ ವಿನಾಯಿತಿಯನ್ನು ನಮ್ಮ ಹೈಕೋರ್ಟ್ 2021ರಲ್ಲಿ ಎತ್ತಿಹಿಡಿದಿದೆ. ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಬೆಳೆಗಾರರಿಗೆ ಅದು ಅನ್ವಯಿಸುವುದಿಲ್ಲ. ಗಡಿಯ ಆಚೆ ನೆಂಟರಿರುವವರು ಈ ವಿಷಯದಲ್ಲಿ ಗೊಂದಲ ಮಾಡಿಕೊಳ್ಳುವುದನ್ನು ಕಂಡಿರುವುದರಿಂದ ಹೇಳಬೇಕಾಯಿತು.

1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಕಲಮು ಉದ್ದ ಕೋವಿಯನ್ನೂ ರಿವಾಲ್ವರನ್ನೂ ಒಂದೇ ಕಣ್ಣಿನಿಂದ ನೋಡುವುದಿಲ್ಲ. 20 ಅಂಗುಲಕ್ಕೆ ಕಡಿಮೆಯಿಲ್ಲದ ನಳಿಗೆಯ ನಯಬೋರಿನ (ನಳಿಗೆಯ ಒಳಮೈ ನುಣುಪಾಗಿರುವ) ಕೋವಿಯನ್ನು ರಕ್ಷಣೆಗೆ ಅಥವಾ ಕ್ರೀಡೆಗೆ ಕೇಳಿದರೆ, ಅರ್ಜಿದಾರ ಬೇರೆ ರೀತಿಯಲ್ಲಿ ಅನರ್ಹನಲ್ಲದಿದ್ದರೆ ಕೊಡಬೇಕೆಂಬ ಧಾಟಿಯಲ್ಲಿ ಕಾಯ್ದೆ ಮಾತನಾಡುತ್ತದೆ. ಬೆಳೆ ರಕ್ಷಣೆಗೆ ಕೇಳುವ ಕೇಪಿನ ಕೋವಿಗೂ, ಅಂದರೆ ನಳಿಗೆಯ ಬಾಯಿಂದ ಮದ್ದು ತುಂಬುವ ಕೋವಿಗೂ, ಇದೇ ಮಾತು. ರಿವಾಲ್ವರ್ ಮತ್ತು ಪಿಸ್ತೂಲಿನ ವಿಷಯಕ್ಕೆ ಬಂದರೆ, ಅರ್ಜಿದಾರನಿಗೆ ಸಕಾರಣವಿದೆ ಎಂದು ಪರವಾನಗಿ ಪ್ರಾಧಿಕಾರಕ್ಕೆ, ಎಂದರೆ ಜಿಲ್ಲಾಧಿಕಾರಿಗಳಿಗೆ, ಮನವರಿಕೆಯಾಗಬೇಕು. ವೃತ್ತಿ, ವ್ಯವಹಾರ ಅಥವಾ ಇತರ ಕಾರಣದಿಂದ ಪ್ರಾಣ ಮತ್ತು ಆಸ್ತಿಯ ರಕ್ಷಣೆಗೆ ನಿಜವಾದ ಅಗತ್ಯವಿರುವವರ ಅರ್ಜಿಯನ್ನು ಪರಿಗಣಿಸಬಹುದೆಂದು 2016ರ ಶಸ್ತ್ರಾಸ್ತ್ರ ನಿಯಮಗಳು ಹೇಳುತ್ತವೆ. ಆದ್ದರಿಂದ ತಾವು ಠಾಣೆಗೆ ಲಿಖಿತ ದೂರು ಕೊಟ್ಟದ್ದು ಬಹಳ ಒಳ್ಳೆಯದಾಯಿತು. ಆ ದೂರಿನ ಸ್ವೀಕೃತಿ, ಬಟವಾಡೆಗೆ ನಗದು ತೆಗೆದ ಬ್ಯಾಂಕ್ ವಿವರ, ತೋಟದ ಪಹಣಿ, ಮನೆ ರಸ್ತೆಯಿಂದ ಎಷ್ಟು ಒಳಗಿದೆ ಎಂಬ ವಿವರಣೆ, ಇವು ಜೊತೆಗಿದ್ದರೆ ಅರ್ಜಿಗೆ ತೂಕ ಬರುತ್ತದೆ. ಇವು ಯಾವುವೂ ಇಲ್ಲದೆ 'ಆತ್ಮರಕ್ಷಣೆಗಾಗಿ' ಎಂದು ಒಂದೇ ಪದ ಬರೆದ ಅರ್ಜಿಗಳು ಸಾಮಾನ್ಯವಾಗಿ ಪೊಲೀಸ್ ವರದಿಯ ಹಂತದಲ್ಲೇ ಸೋಲುತ್ತವೆ.

ಅರ್ಜಿದಾರನಿಗೆ 21 ವರ್ಷ ತುಂಬಿರಬೇಕು. ಬಂದೂಕಿನ ಸುರಕ್ಷಿತ ಬಳಕೆಯ ತರಬೇತಿ ಪಡೆದ ಪ್ರಮಾಣಪತ್ರ ಬೇಕು. ಜಿಲ್ಲಾ ಪೊಲೀಸರು ಆಗಾಗ ನಡೆಸುವ ನಾಗರಿಕ ಬಂದೂಕು ತರಬೇತಿ ಶಿಬಿರದ ಬಗ್ಗೆ ಎಸ್.ಪಿ. ಕಚೇರಿಯಲ್ಲಿ ವಿಚಾರಿಸಿ. ನಮ್ಮಂಥವರಿಗೆ ಸಿಗುವುದು ನಿಷೇಧಿತವಲ್ಲದ ಬೋರಿನ (ನಳಿಗೆಯ ಒಳಅಳತೆಯ) ಆಯುಧ ಮಾತ್ರ, ಅಂದರೆ ವ್ಯವಹಾರದಲ್ಲಿ .32 ಅಥವಾ .22. 9 ಎಂ.ಎಂ. ಪಿಸ್ತೂಲಿನ ಮಾತನ್ನು ಯಾರಾದರೂ ಆಡಿದರೆ ಅವರಿಂದ ದೂರವಿರಿ. 2019ರ ತಿದ್ದುಪಡಿಯ ನಂತರ ಲೈಸೆನ್ಸಿನ ಅವಧಿ 3 ವರ್ಷದಿಂದ 5 ವರ್ಷಕ್ಕೆ ಏರಿದೆ, ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕುಗಳ ಸಂಖ್ಯೆ 3ರಿಂದ 2ಕ್ಕೆ ಇಳಿದಿದೆ, ಲೈಸೆನ್ಸ್ ಇಲ್ಲದೆ ಇಟ್ಟುಕೊಂಡವರಿಗೆ ಕನಿಷ್ಠ ಶಿಕ್ಷೆಯೇ 2 ವರ್ಷವಾಗಿದೆ. ಅರ್ಜಿ ತಿರಸ್ಕೃತವಾದರೆ ಕಾಯ್ದೆಯ 18ನೇ ಕಲಮಿನಡಿ ಮೇಲ್ಮನವಿ ಸಲ್ಲಿಸಲು ಅವಕಾಶವಿದೆ.

ಇನ್ನು ಎರಡನೆಯ ಪ್ರಶ್ನೆ. ಸಾರ್ವಜನಿಕ ಸ್ಥಳದಲ್ಲಿ ರಿವಾಲ್ವರ್ ಒಯ್ಯುವಾಗ ಅದು ಮೈಗೆ ಕಟ್ಟಿದ ಹೋಲ್‌ಸ್ಟರ್‌ನಲ್ಲಿ ಅಥವಾ ಅಂಥದ್ದೇ ಚೀಲದಲ್ಲಿ ಇರಬೇಕು, ಪೂರ್ತಿ ಮುಚ್ಚಿರಬೇಕು ಮತ್ತು ಒಯ್ಯುವವನ ಹಿಡಿತದಲ್ಲೇ ಇರಬೇಕು ಎಂದು 2016ರ ನಿಯಮಗಳೇ ವಿಧಿಸುತ್ತವೆ. ಅಂದರೆ ಕಾಣದಂತೆ ಇಟ್ಟುಕೊಳ್ಳುವುದು ತಪ್ಪಲ್ಲ. ಕಾಣುವಂತೆ ಇಟ್ಟುಕೊಂಡು ನಾಲ್ಕು ಜನರ ಮುಂದೆ ಝಳಪಿಸುವುದೇ ತಪ್ಪು. ಜೀಪಿನ ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿ ಹಾಕಿ ಸಂತೆಗೆ ಇಳಿದು ಹೋದರೆ ಹಿಡಿತದಲ್ಲಿ ಇತ್ತೆಂದು ಯಾವ ನ್ಯಾಯಾಲಯವೂ ಒಪ್ಪುವುದಿಲ್ಲ. ಲೈಸೆನ್ಸಿನಲ್ಲಿ ನಮೂದಾದ ವ್ಯಾಪ್ತಿಯನ್ನೂ ನೋಡಿಕೊಳ್ಳಿ. ಅದು ಹಾಸನ ಜಿಲ್ಲೆಗೆ ಸೀಮಿತವಾಗಿದ್ದರೆ, ಶಿರಾಡಿ ಘಾಟಿ ಇಳಿದು ದಕ್ಷಿಣ ಕನ್ನಡಕ್ಕೆ ಕಾಲಿಟ್ಟ ಕ್ಷಣ ತಾವು ಲೈಸೆನ್ಸ್ ಇಲ್ಲದವರಂತೆಯೇ.

ಕೊನೆಯದಾಗಿ, ಗುಂಡು ಹಾರಿಸಿದ ಮೇಲಿನ ಮಾತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳು ಆತ್ಮರಕ್ಷಣೆಯ ಹಕ್ಕನ್ನು ವಿವರಿಸುತ್ತವೆ. ಪ್ರಾಣ ಹೋಗುವ ಅಥವಾ ತೀವ್ರ ಗಾಯವಾಗುವ ಸಕಾರಣವಾದ ಭಯ, ಅತ್ಯಾಚಾರ, ಅಪಹರಣ, ಆಸಿಡ್ ದಾಳಿ ಮುಂತಾದ ಸಂದರ್ಭಗಳಲ್ಲಿ ಆ ಹಕ್ಕು ಎದುರಾಳಿಯ ಪ್ರಾಣ ತೆಗೆಯುವವರೆಗೂ ವ್ಯಾಪಿಸುತ್ತದೆ. ಆಸ್ತಿಯ ವಿಷಯದಲ್ಲಿ ಸುಲಿಗೆಗೂ, ಸೂರ್ಯಾಸ್ತದ ನಂತರ ಸೂರ್ಯೋದಯದೊಳಗೆ ಮನೆ ಒಡೆಯುವುದಕ್ಕೂ ಅದು ಅನ್ವಯಿಸುತ್ತದೆ. ಆದರೆ ಕಣದಲ್ಲಿ ಹರಡಿದ ಕಾಫಿಯನ್ನು ಚೀಲಕ್ಕೆ ತುಂಬಿಕೊಂಡು ಓಡುತ್ತಿರುವವನ ಬೆನ್ನಿಗೆ ಗುಂಡು ಹಾರಿಸಿದರೆ ಅದು ಆತ್ಮರಕ್ಷಣೆಯಾಗುವುದಿಲ್ಲ, ಕೊಲೆಯ ಮೊಕದ್ದಮೆಯಾಗುತ್ತದೆ. ಅಗತ್ಯಕ್ಕಿಂತ ಹೆಚ್ಚಿನ ಹಾನಿ ಮಾಡುವಂತಿಲ್ಲ, ಪೊಲೀಸರ ನೆರವು ಪಡೆಯಲು ಸಮಯವಿದ್ದರೆ ಈ ಹಕ್ಕೇ ಹುಟ್ಟುವುದಿಲ್ಲ, ಮತ್ತು ತಾನು ಆತ್ಮರಕ್ಷಣೆಗಾಗಿಯೇ ಹಾರಿಸಿದೆ ಎಂಬುದನ್ನು ತೋರಿಸಿಕೊಡುವ ಹೊಣೆ ಆರೋಪಿಯ ಮೇಲೆಯೇ ಇರುತ್ತದೆ. ಸಾಕ್ಷಿಗಳಿಲ್ಲದ ಮಣ್ಣಿನ ದಾರಿಯಲ್ಲಿ ಅದನ್ನು ತೋರಿಸಿಕೊಡುವುದು ಸುಲಭವಲ್ಲ.

ಉತ್ತರ: ಚಿಕ್ಕಮಗಳೂರು ತಾಲ್ಲೂಕು, ಆಲ್ದೂರು ಕಡೆಯ ಬೆಳೆಗಾರ

ವಕೀಲರು ಹೇಳಿದ್ದನ್ನೆಲ್ಲ ಒಪ್ಪುತ್ತೇನೆ. ಆದರೂ ಲೈಸೆನ್ಸ್ ಪಡೆದು .32 ರಿವಾಲ್ವರನ್ನು ಹಲವು ವರ್ಷಗಳಿಂದ ಮೈಮೇಲೆ ಇಟ್ಟುಕೊಂಡು ಓಡಾಡುತ್ತಿರುವ ನಾನು ಅದರ ಪರವಾಗಿ ಮಾತನಾಡುವುದು ನ್ಯಾಯ. ನನ್ನ ಮೇಲೆ ಮಚ್ಚು ಬೀಸಿದ ಪ್ರಕರಣವೊಂದು ದಾಖಲಾಗಿತ್ತು, ಆ ಎಫ್.ಐ.ಆರ್. ಆಧಾರದ ಮೇಲೆಯೇ ಲೈಸೆನ್ಸ್ ಮಂಜೂರಾಯಿತು. ಒಂಟಿ ಮನೆಗೆ ಪೊಲೀಸರು ಬರುವಷ್ಟರಲ್ಲಿ ಎಲ್ಲವೂ ಮುಗಿದಿರುತ್ತದೆ ಎಂಬುದು ನಮ್ಮ ಕಡೆ ಬದುಕುವ ಎಲ್ಲರಿಗೂ ಗೊತ್ತು. ಇದರಲ್ಲಿ ಪೊಲೀಸರ ತಪ್ಪೂ ಇಲ್ಲ. ಒಂದು ಠಾಣೆಯ ಸರಹದ್ದು ಗುಡ್ಡ ಕಣಿವೆಗಳಲ್ಲಿ ಎಷ್ಟು ದೂರ ಹಬ್ಬಿದೆಯೆಂಬುದನ್ನು ನೋಡಿದರೆ ಸಾಕು. ತನ್ನ ಮನೆಯವರನ್ನು ಆ ಅರ್ಧ ಗಂಟೆ ಕಾಪಾಡುವ ಹೊಣೆ ತನ್ನದೇ ಎಂದು ಒಬ್ಬ ಮನುಷ್ಯ ಭಾವಿಸಿದರೆ ಅವನನ್ನು ಪುಕ್ಕಲನೆಂದಾಗಲಿ ಪುಂಡನೆಂದಾಗಲಿ ಕರೆಯುವುದು ಸರಿಯಲ್ಲ.

ಆದರೆ ಅಂಗಡಿಯವರು ಹೇಳದ ಕೆಲವು ಸಂಗತಿಗಳಿವೆ. ನಮ್ಮ ದೇಶದ ಕಾರ್ಖಾನೆಗಳಲ್ಲಿ ತಯಾರಾಗುವ .32 ರಿವಾಲ್ವರ್‌ಗಳಲ್ಲಿ ಹಗುರವಾದ ನಿರ್ಭೀಕ್ ಕೂಡ ಅರ್ಧ ಕಿಲೋಗಿಂತ ಸ್ವಲ್ಪ ಹೆಚ್ಚೇ ತೂಗುತ್ತದೆ. ಪಂಚೆ ಉಟ್ಟವರಿಗೆ ಅದು ಸಾಧ್ಯವೇ ಇಲ್ಲ, ಗಟ್ಟಿಯಾದ ದಪ್ಪ ಬೆಲ್ಟು ಬೇಕೇ ಬೇಕು. ಹೋಲ್‌ಸ್ಟರ್ ರಿವಾಲ್ವರಿನ ಕುದುರೆಯನ್ನು (ಟ್ರಿಗರ್) ಪೂರ್ತಿ ಮುಚ್ಚುವಂತಿರಬೇಕು. ಹೋಲ್‌ಸ್ಟರ್ ಇಲ್ಲದೆ ಜೇಬಿನಲ್ಲಿ ಬೀಗದ ಕೈ, ಚಿಲ್ಲರೆಗಳ ಜೊತೆ ಇಡುವವರು ಅಪಾಯವನ್ನು ಮೈಮೇಲೆ ಎಳೆದುಕೊಳ್ಳುತ್ತಾರೆ. ನಾನು ಬಲ ಸೊಂಟದ ಮೇಲೆ ಇಟ್ಟುಕೊಳ್ಳುತ್ತೇನೆ. ಜೀಪಿನಲ್ಲಿ ಕುಳಿತು ಸೀಟ್ ಬೆಲ್ಟ್ ಹಾಕಿಕೊಂಡ ಕೂಡಲೇ ಬೆಲ್ಟಿನ ಪಟ್ಟಿ ಅಲ್ಲೇ ಬಂದು ಕೂರುತ್ತದೆ, ಅಂಗಿಯ ಅಂಚು ಅದರ ಕೆಳಗೆ ಸಿಕ್ಕಿಕೊಳ್ಳುತ್ತದೆ. ಮೊದಲು ಸೀಟ್ ಬೆಲ್ಟ್ ಬಿಚ್ಚಿ, ಆಮೇಲೆ ಅಂಗಿ ಎತ್ತಿ, ಆಮೇಲೆ ಹಿಡಿ ಸಿಗುವುದು. ಮಳೆಗಾಲದಲ್ಲಿ ಮೇಲೊಂದು ಜರ್ಕಿನ್ನೂ ಇರುತ್ತದೆ. ಗುಂಡು ತೆಗೆದು ಖಾಲಿ ಮಾಡಿದ ರಿವಾಲ್ವರಿನಿಂದ ಮನೆಯಲ್ಲಿ ಇದನ್ನು ಮತ್ತೆ ಮತ್ತೆ ಅಭ್ಯಾಸ ಮಾಡದವರಿಗೆ ಆ ಗಳಿಗೆಯಲ್ಲಿ ಕೈ ಓಡುವುದಿಲ್ಲ.

ಮಲೆನಾಡಿನ ಮಳೆ ಇನ್ನೊಂದು ಶತ್ರು. ಚರ್ಮದ ಹೋಲ್‌ಸ್ಟರ್‌ನಲ್ಲೇ ಬಿಟ್ಟರೆ ಜುಲೈ ಕಳೆಯುವಷ್ಟರಲ್ಲಿ ಚರ್ಮಕ್ಕೆ ಬೂಷ್ಟು ಹಿಡಿದು, ನಳಿಗೆಯ ಬಾಯಿಗೂ ಸಿಲಿಂಡರಿನ ಅಂಚಿಗೂ ಕೆಂಪು ತುಕ್ಕು ಬಂದಿರುತ್ತದೆ. ರಾತ್ರಿ ಹೊರತೆಗೆದು, ಒರೆಸಿ, ತೆಳುವಾಗಿ ಎಣ್ಣೆ ಸವರಿ ಕಬ್ಬಿಣದ ಪೆಟ್ಟಿಗೆಯಲ್ಲಿ ಬೀಗ ಹಾಕಿಡಬೇಕು. ಹೊರನಾಡು, ಧರ್ಮಸ್ಥಳದಂತಹ ಕಡೆ ಅಂಗಿ ಕಳಚಿ ಒಳಗೆ ಹೋಗಬೇಕಾದ ದಿನ ಅದನ್ನು ಮನೆಯಲ್ಲೇ ಬಿಡುತ್ತೇನೆ. ಕಾರಿನಲ್ಲಿ ಬಿಟ್ಟುಹೋಗುವುದಂತೂ ಕೂಡದು. ಮದುವೆ, ಬೀಗರೂಟಗಳಿಗೂ ಒಯ್ಯುವುದಿಲ್ಲ. ಸಂಭ್ರಮಕ್ಕೆಂದು ಗುಂಡು ಹಾರಿಸುವುದನ್ನು 2019ರ ತಿದ್ದುಪಡಿ ಪ್ರತ್ಯೇಕ ಅಪರಾಧವನ್ನಾಗಿ ಮಾಡಿದೆ, 2 ವರ್ಷದವರೆಗೆ ಸೆರೆ ಅಥವಾ 1 ಲಕ್ಷದವರೆಗೆ ದಂಡ ಅಥವಾ ಎರಡೂ ಆಗಬಹುದು. ಮದ್ಯಪಾನ ಮಾಡುವ ಅಭ್ಯಾಸವಿದ್ದವರು, ಸಿಟ್ಟು ಮೂಗಿನ ತುದಿಯಲ್ಲೇ ಇರುವವರು ದಯವಿಟ್ಟು ಇದರ ಗೋಜಿಗೆ ಬರಬಾರದು. ಸೊಂಟದಲ್ಲಿ ಅದು ಇರುವ ದಿನ ಓವರ್‌ಟೇಕಿನ ಜಗಳದಲ್ಲೂ ಗದ್ದೆ ಬದುವಿನ ಜಗಳದಲ್ಲೂ ನಾನೇ ಮೊದಲು ತಲೆ ತಗ್ಗಿಸಿ ಬಂದಿದ್ದೇನೆ, ಮತ್ತು ಹಾಗೆ ಬರಲು ಒಪ್ಪದವನಿಗೆ ಅದನ್ನು ಕಟ್ಟಿಕೊಳ್ಳುವ ಅರ್ಹತೆಯಿಲ್ಲ ಎಂದು ನಂಬಿದ್ದೇನೆ.

ಉತ್ತರ: ಹಾಸನದಲ್ಲಿ ನೆಲೆಸಿರುವ ನಿವೃತ್ತ ಪೊಲೀಸ್ ಅಧಿಕಾರಿ

ಆಲ್ದೂರಿನವರು ಸೀಟ್ ಬೆಲ್ಟಿನ ವಿಷಯ ಹೇಳಿದ್ದು ಬಹಳ ಮುಖ್ಯ. ಪ್ರಶ್ನೆ ಕೇಳಿದವರ ಮೂರನೆಯ ಸಂದೇಹಕ್ಕೆ ಉತ್ತರ ಅಲ್ಲೇ ಇದೆ. ಅಮೆರಿಕದ ಸಾಲ್ಟ್ ಲೇಕ್ ಸಿಟಿಯ ಪೊಲೀಸ್ ತರಬೇತುದಾರ ಡೆನಿಸ್ ಟುಲರ್ 1983ರಲ್ಲಿ ಒಂದು ಲೆಕ್ಕವನ್ನು ಮುಂದಿಟ್ಟರು: ಚಾಕು ಹಿಡಿದವನೊಬ್ಬ 21 ಅಡಿ ದೂರದಿಂದ ಓಡಿಬಂದು ಇರಿಯಲು ಸುಮಾರು ಒಂದೂವರೆ ಸೆಕೆಂಡ್ ಸಾಕು, ತರಬೇತಾದ ಪೊಲೀಸನಿಗೂ ಹೋಲ್‌ಸ್ಟರ್‌ನಿಂದ ತೆಗೆದು ಗುರಿಯಿಟ್ಟು ಹಾರಿಸಲು ಹೆಚ್ಚುಕಡಿಮೆ ಅಷ್ಟೇ ಹೊತ್ತು ಬೇಕು. ಅದು ಹೊರಗೆ ಕಾಣುವ ಹೋಲ್‌ಸ್ಟರಿನ, ನಿಂತು ಕಾಯುತ್ತಿದ್ದವನ ಲೆಕ್ಕ. ಜೀಪಿನೊಳಗೆ ಕುಳಿತ, ಅಂಗಿಯ ಕೆಳಗೆ ಮುಚ್ಚಿಟ್ಟುಕೊಂಡ, ಕತ್ತಲಲ್ಲಿ ಬೆಚ್ಚಿಬಿದ್ದ ಮನುಷ್ಯನಿಗೆ ಎಷ್ಟು ಹೊತ್ತು ಬೇಕಾದೀತೆಂದು ತಾವೇ ಊಹಿಸಿಕೊಳ್ಳಬಹುದು. ಕಾಣದಂತೆ ಇಟ್ಟುಕೊಂಡದ್ದು ಎದುರಾಳಿಯನ್ನು ಮೊದಲೇ ಹೆದರಿಸುವುದೂ ಇಲ್ಲ, ಏಕೆಂದರೆ ಅವನಿಗೆ ಅದು ಕಾಣುವುದೇ ಇಲ್ಲ.

ನನ್ನ ಸೇವಾವಧಿಯಲ್ಲಿ ತೋಟದ ದಾರಿಗಳಲ್ಲಿ ನಡೆದ ಸುಲಿಗೆಗಳನ್ನು ತನಿಖೆ ಮಾಡಿದ್ದೇನೆ. ಬಹುಪಾಲು ಪ್ರಕರಣಗಳಲ್ಲಿ ಹಣ ಬರುವ ದಿನ, ದಾರಿ, ಹೊತ್ತು ಮೂರೂ ಒಳಗಿನವರಿಂದಲೋ ಪೇಟೆಯಲ್ಲಿ ಕಂಡವರಿಂದಲೋ ಮೊದಲೇ ತಿಳಿದಿತ್ತು. ಆದ್ದರಿಂದ ನಾನು ಮೊದಲು ಮುಟ್ಟಲು ಹೇಳುವುದು ಬಟವಾಡೆಯ ಪದ್ಧತಿಯನ್ನು. ಖಾಯಂ ಆಳುಗಳಿಗೆ ಬ್ಯಾಂಕ್ ಖಾತೆಗೇ ಹಾಕಿ. ಹೊರರಾಜ್ಯಗಳಿಂದ ಬಂದ ಕಾರ್ಮಿಕರಲ್ಲೂ ಬಹಳ ಜನ ಈಗ ಫೋನಿನಲ್ಲೇ ಹಣ ತೆಗೆದುಕೊಳ್ಳುತ್ತಾರೆ, ಊರಿಗೆ ಕಳಿಸಲು ಅವರಿಗೂ ಅದೇ ಅನುಕೂಲ. ನಗದು ಕೊಡಲೇಬೇಕಾದವರಿಗೆ ಮಾತ್ರ ಚಿಕ್ಕ ಮೊತ್ತ ತನ್ನಿ, ಪ್ರತಿವಾರ ಒಂದೇ ದಿನ ತರಬೇಡಿ, ಬೆಳಗಿನ ಹೊತ್ತು ತನ್ನಿ. ಮೆಣಸು ಮಾರಿದ ಹಣವನ್ನು ವ್ಯಾಪಾರಿಯಿಂದ ಖಾತೆಗೇ ಹಾಕಿಸಿಕೊಳ್ಳಿ. ಹಳ್ಳದ ಈಚೆ ಸಿಗ್ನಲ್ ಇರುವ ಕೊನೆಯ ಜಾಗದಲ್ಲಿ ಮನೆಗೊಂದು ಸುದ್ದಿ ಮುಟ್ಟಿಸುವ ರೂಢಿ ಇಟ್ಟುಕೊಳ್ಳಿ. ಹಳ್ಳದಾಚೆಯ ಮನೆಗೆ ಸ್ಥಿರ ದೂರವಾಣಿಯೋ ಬ್ರಾಡ್‌ಬ್ಯಾಂಡೋ ಎಳೆಸಲು ಸಾಧ್ಯವೇ ನೋಡಿ. ನನ್ನ ಲೆಕ್ಕದಲ್ಲಿ ರಿವಾಲ್ವರಿಗಿಂತ ಅದು ಮೊದಲು ಬರಬೇಕು. ದಾರಿಗೆ ಅಡ್ಡಲಾಗಿ ಮರವೋ ಕಲ್ಲೋ ಕಂಡರೆ ಇಳಿದು ಸರಿಸಲು ಹೋಗದೆ, ಗಾಜು ಏರಿಸಿಕೊಂಡೇ ಹಿಂದಕ್ಕೆ ಬಂದು 112ಕ್ಕೆ ಕರೆ ಮಾಡಿ. ತಮ್ಮ ಬೀಟಿನ ಪೊಲೀಸರ ನಂಬರು ತಮ್ಮಲ್ಲಿರಲಿ, ಕೊಯ್ಲಿನ ಕಾಲದಲ್ಲಿ ಗಸ್ತು ಬೇಕೆಂದು ಸುತ್ತಲಿನ ಬೆಳೆಗಾರರೆಲ್ಲ ಸೇರಿ ಒಂದು ಮನವಿ ಕೊಡಿ. ಹಣದ ಚೀಲವನ್ನಷ್ಟೇ ಕೇಳಿದರೆ ಚೀಲ ಕೊಟ್ಟುಬಿಡಿ. ರಿವಾಲ್ವರ್ ತೆಗೆಯಲು ಹೋಗಿ ಅದೂ ಅವರ ಕೈಸೇರಿದರೆ, ಮುಂದೆ ಅದರಿಂದ ಆಗುವ ಪ್ರತಿ ಅಪರಾಧದ ಕಡತದಲ್ಲೂ ತಮ್ಮ ಹೆಸರು ಬರುತ್ತದೆ.

ಉತ್ತರ: ಬೇಲೂರು ಮೂಲದವನು, ಈಗ ಟೆಕ್ಸಾಸ್ ವಾಸಿ

ಅಮೆರಿಕದ ಉದಾಹರಣೆ ಬಂದದ್ದರಿಂದ ಇಲ್ಲಿನ ಸ್ಥಿತಿಯನ್ನು ಸ್ವಲ್ಪ ಹೇಳಬಯಸುತ್ತೇನೆ. ಟೆಕ್ಸಾಸ್‌ನಲ್ಲಿ 2021ರ ಸೆಪ್ಟೆಂಬರ್ 1ರಿಂದ, ಅನರ್ಹನಲ್ಲದ 21 ವರ್ಷ ಮೇಲ್ಪಟ್ಟವರು ಲೈಸೆನ್ಸ್ ಇಲ್ಲದೆಯೇ ಹ್ಯಾಂಡ್‌ಗನ್ ಇಟ್ಟುಕೊಂಡು ಓಡಾಡಬಹುದು. ನ್ಯೂಯಾರ್ಕ್‌ನಲ್ಲಿ ಒಂದು ಶತಮಾನಕ್ಕೂ ಹೆಚ್ಚು ಕಾಲ, ನಮ್ಮ ಜಿಲ್ಲಾಧಿಕಾರಿಗಳು ಕೇಳುವ ಸಕಾರಣದಂಥದ್ದನ್ನೇ ಕೇಳುತ್ತಿದ್ದರು. 2022ರ ಜೂನ್‌ನಲ್ಲಿ ಇಲ್ಲಿನ ಸುಪ್ರೀಂ ಕೋರ್ಟ್ ಆ ಷರತ್ತನ್ನು ಸಂವಿಧಾನ ವಿರೋಧಿಯೆಂದು ತೆಗೆದುಹಾಕಿತು. ಆದರೆ ಊರಿನಿಂದ ಬರುವವರು ತಿಳಿಯಬೇಕಾದ ಮಾತೆಂದರೆ, ಎಚ್-1ಬಿಯಂತಹ ತಾತ್ಕಾಲಿಕ ವೀಸಾದಲ್ಲಿ ಇರುವವರು ಬೇಟೆಯ ಲೈಸೆನ್ಸ್‌ನಂಥ ಕೆಲವು ವಿನಾಯಿತಿಗಳಿಲ್ಲದೆ ಬಂದೂಕು ಇಟ್ಟುಕೊಳ್ಳುವುದೇ ಇಲ್ಲಿನ ಕೇಂದ್ರ ಕಾನೂನಿನಡಿ ಅಪರಾಧ. ಗ್ರೀನ್ ಕಾರ್ಡ್ (ಕಾಯಂ ವಾಸದ ಅನುಮತಿ) ಬಂದವರಿಗೆ ಆ ನಿರ್ಬಂಧವಿಲ್ಲ.

ಹಕ್ಕು ಇರುವ ನಾಡಿನಲ್ಲೂ ಎಲ್ಲಿ ಬೇಕೆಂದರಲ್ಲಿ ಒಯ್ಯುವಂತಿಲ್ಲ. ಶಾಲೆ, ನ್ಯಾಯಾಲಯ, ಮತಗಟ್ಟೆಗಳಿಗೆ ನಿಷೇಧವಿದೆ. ಮದ್ಯ ಮಾರಾಟದಿಂದಲೇ ಆದಾಯದ ಶೇ. 51 ಅಥವಾ ಅದಕ್ಕಿಂತ ಹೆಚ್ಚು ಪಡೆಯುವ ಬಾರುಗಳ ಬಾಗಿಲಲ್ಲಿ ಕೆಂಪು ಅಕ್ಷರದ 51ರ ಫಲಕ ಇರುತ್ತದೆ, ಅದನ್ನು ದಾಟಿ ಬಂದೂಕು ಒಯ್ದರೆ ಅಪರಾಧ. ನನ್ನ ಸಹೋದ್ಯೋಗಿಗಳಲ್ಲಿ ಹಲವರು ಇಟ್ಟುಕೊಳ್ಳುತ್ತಾರೆ, ವಾರಾಂತ್ಯದಲ್ಲಿ ರೇಂಜಿಗೆ ಹೋಗಿ ಪೆಟ್ಟಿಗೆಗಟ್ಟಲೆ ಗುಂಡು ಹಾರಿಸಿ ಅಭ್ಯಾಸ ಮಾಡುತ್ತಾರೆ. ನಮ್ಮ ಊರಿನಲ್ಲಿ ಲೈಸೆನ್ಸಿನಲ್ಲಿ ಬರೆದ ಪ್ರಮಾಣದಷ್ಟೇ ಗುಂಡು ಕೊಳ್ಳಬೇಕು, ಹಾರಿಸಲು ರೇಂಜೂ ಹತ್ತಿರದಲ್ಲಿಲ್ಲ. ಅವರ ಅಭ್ಯಾಸವಿಲ್ಲದೆ ಅವರ ಪದ್ಧತಿಯನ್ನು ಮಾತ್ರ ತಂದುಕೊಂಡರೆ ಪ್ರಯೋಜನವಾಗುವುದಿಲ್ಲವೆಂಬುದು ನನ್ನ ಅಭಿಪ್ರಾಯ.

ಉತ್ತರ: ಮೂಡಿಗೆರೆ ಸಮೀಪ ತೋಟ ನೋಡಿಕೊಳ್ಳುವ ಮಹಿಳೆ

ನಿವೃತ್ತ ಅಧಿಕಾರಿಗಳ ಮಾತಿಗೆ ಗೌರವವಿದೆ, ಆದರೆ ಚೀಲ ಕೊಟ್ಟುಬಿಡಿ ಎಂಬ ಸಲಹೆ ಹೆಣ್ಣುಮಕ್ಕಳ ಪಾಲಿಗೆ ಪೂರ್ಣ ಉತ್ತರವಲ್ಲ. ನಮ್ಮನ್ನು ಅಡ್ಡಗಟ್ಟುವವರಿಗೆ ಬೇಕಾದದ್ದು ಯಾವಾಗಲೂ ಚೀಲವೇ ಆಗಿರುವುದಿಲ್ಲ. ದೆಹಲಿಯ 2012ರ ಆ ಘೋರ ಅತ್ಯಾಚಾರ ಪ್ರಕರಣದ ನಂತರ, 2014ರಲ್ಲಿ, ಹೆಂಗಸರಿಗೆಂದೇ ನಿರ್ಭೀಕ್ ರಿವಾಲ್ವರ್ ಬಂದಾಗ ಅದರ ಬೆಲೆ ಒಂದು ಲಕ್ಷಕ್ಕೂ ಮೇಲಿತ್ತು. ದಿನಗೂಲಿ ಮುಗಿಸಿ ಕತ್ತಲಲ್ಲಿ ಲೈನ್ ಮನೆಗೆ (ತೋಟದ ಆಳುಗಳ ಸಾಲುಮನೆಗೆ) ನಡೆದು ಹೋಗುವ ಹೆಂಗಸಿಗೆ ಅದರಿಂದ ಏನು ಬಂತು ಎಂಬ ಪ್ರಶ್ನೆ ನನ್ನನ್ನು ಇಂದಿಗೂ ಬಿಟ್ಟಿಲ್ಲ. ರಕ್ಷಣೆಯೆಂಬುದು ದುಡ್ಡಿದ್ದವರ ಸೊಂಟದಲ್ಲಿ ಮಾತ್ರ ಇದ್ದರೆ ಸಾಲದು. ನಮ್ಮ ದಾರಿಗೆ ಸೋಲಾರ್ ದೀಪ ಹಾಕಿಸಿದ್ದೇವೆ, ಕೆಲಸ ಬಿಡುವ ಹೊತ್ತನ್ನು ಬೆಳಕಿರುವಾಗಲೇ ಮುಗಿಯುವಂತೆ ಬದಲಿಸಿದ್ದೇವೆ.

ನನ್ನ ಹೆಸರಿನಲ್ಲಿ ಒಂಟಿನಳಿಗೆ ಕೋವಿಯ ಲೈಸೆನ್ಸ್ ಇದೆ, ರಿವಾಲ್ವರಿಗೆ ಅರ್ಜಿ ಹಾಕುವುದನ್ನು ಬಹಳ ಯೋಚಿಸಿ ಕೈಬಿಟ್ಟೆ. ಕಾರಣವನ್ನು ಬಿಡಿಸಿಯೇ ಹೇಳುತ್ತೇನೆ. ಕಾಫಿ ಬೆಲೆ ಬಿದ್ದ ವರ್ಷಗಳಲ್ಲಿ, ಸಾಲ ಮೇಲೆ ಬಂದ ವರ್ಷಗಳಲ್ಲಿ ಬೆಳೆಗಾರರ ಮನೆಗಳಲ್ಲಿ ಎಂಥ ಮೌನ ಕವಿಯುತ್ತದೆಂಬುದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಹೊರಗಿನ ಕಳ್ಳನಿಗೆಂದು ತಂದ ಆಯುಧ ಮನೆಯೊಳಗಿನ ಒಬ್ಬರ ನೋವಿನ ಗಳಿಗೆಯಲ್ಲಿ ಕೈಗೆ ಸಿಗುವಂತಿರಬಾರದು. ತಕ್ಷಣ ಕೈಗೆಟುಕಬೇಕೆಂಬುದೇ ರಿವಾಲ್ವರಿನ ಉದ್ದೇಶ. ನನಗೆ ಅದೇ ಭಯ. ಮನೆಯಲ್ಲಿ ಮನಸ್ಸು ಕುಗ್ಗಿದವರು ಯಾರಾದರೂ ಇದ್ದರೆ ಅರ್ಜಿಯ ಮಾತೇ ಬೇಡ, ಇರುವ ಕೋವಿಯನ್ನೂ ಅಷ್ಟು ದಿನ ಠಾಣೆಯಲ್ಲೋ ಅಧಿಕೃತ ಮಾರಾಟಗಾರರಲ್ಲೋ ಇರಿಸಿಬಿಡಿ ಎಂದು ಕೈಮುಗಿದು ಕೇಳುತ್ತೇನೆ. ಇನ್ನೊಂದು ವಿಷಯವಿದೆ: ಆನೆ ಓಡಾಡುವ ದಾರಿಗೆ ರಿವಾಲ್ವರ್ ಬೇಕೆಂದು ನಮ್ಮ ಕಡೆ ಕೆಲವರು ಹೇಳುತ್ತಾರೆ. .32 ಗುಂಡು ಆನೆಯನ್ನು ತಡೆಯುವುದಿಲ್ಲ, ನೋಯಿಸಿ ಕೆರಳಿಸುತ್ತದೆ, ಅದರ ಮೇಲೆ ವನ್ಯಜೀವಿ ಕಾಯ್ದೆಯ ಮೊಕದ್ದಮೆ ಬೇರೆ.

ಪ್ರಶ್ನೆ ಕೇಳಿದವರು

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಕೃತಜ್ಞತೆಗಳು. ಬಟವಾಡೆಯ ಪದ್ಧತಿಯನ್ನು ಬದಲಿಸುವ ಬಗ್ಗೆ ತೋಟದ ಲೆಕ್ಕಪತ್ರ ನೋಡಿಕೊಳ್ಳುವ ನಮ್ಮ ರೈಟರ ಜೊತೆ ನಿನ್ನೆಯೇ ಮಾತನಾಡಿದೆ. ಮುಂದಿನ ಕೊಯ್ಲಿಗೆ ಬಹುತೇಕ ಎಲ್ಲರ ಖಾತೆ ಸಿದ್ಧವಾಗುತ್ತದೆ. ರಿವಾಲ್ವರಿನ ಅರ್ಜಿಯನ್ನು ಅದು ಹೇಗೆ ನಡೆಯುತ್ತದೆಂದು ನೋಡಿದ ಮೇಲೆ ಯೋಚಿಸುತ್ತೇನೆ. ಎರಡು ವಿಷಯಗಳನ್ನು ವಕೀಲರಲ್ಲಿ ಕೇಳಬೇಕಿದೆ. ಚುನಾವಣೆಯ ಸಮಯದಲ್ಲಿ ಬಂದೂಕುಗಳನ್ನು ಠಾಣೆಗೆ ಜಮಾ ಮಾಡಿಸುತ್ತಾರಲ್ಲ, ರಿವಾಲ್ವರಿಗೂ ಅದೇ ನಿಯಮವೇ? ಮತ್ತು ನಮ್ಮ ಜೋಡುನಳಿಗೆಯ ಲೈಸೆನ್ಸ್ ಇನ್ನೂ ತಂದೆಯವರ ಹೆಸರಿನಲ್ಲೇ ಇದೆ. ಅವರಿಗೆ ಈಗ 76. ರಾತ್ರಿ ಕಣದ ಕಡೆ ಸದ್ದಾದಾಗ ಅವರಿಗೆ ಏಳಲಾಗುವುದಿಲ್ಲವಾದ್ದರಿಂದ ಕೋವಿ ತೆಗೆದುಕೊಂಡು ಹೋಗುವವನು ನಾನೇ. ಇದರಲ್ಲಿ ತೊಂದರೆಯೇನಾದರೂ ಇದೆಯೇ?

ಉತ್ತರ: ಹಾಸನದ ವಕೀಲ

ರಿವಾಲ್ವರಿಗೂ ಅದೇ. ನೀತಿಸಂಹಿತೆ ಜಾರಿಯಾದಾಗ ಜಿಲ್ಲಾಡಳಿತ ಜಮಾ ಮಾಡಲು ಆದೇಶಿಸುತ್ತದೆ. ವಿನಾಯಿತಿ ಕೋರಿ ಅರ್ಜಿ ಕೊಟ್ಟರೆ ಪರಿಶೀಲನಾ ಸಮಿತಿಯ ಮುಂದೆ ಅದು ಹೋಗುತ್ತದೆ. ತಮ್ಮ ದೂರಿನ ಪ್ರತಿ ಅಲ್ಲಿಯೂ ಉಪಯೋಗಕ್ಕೆ ಬರುತ್ತದೆ. ವಿನಾಯಿತಿ ಸಿಗದಿದ್ದರೆ ರಸೀದಿ ಪಡೆದು ಜಮಾ ಮಾಡಬೇಕಾಗುತ್ತದೆ.

ಎರಡನೆಯ ವಿಷಯ ರಿವಾಲ್ವರಿಗಿಂತಲೂ ತುರ್ತಿನದು. ಲೈಸೆನ್ಸ್ ಇರುವುದು ವ್ಯಕ್ತಿಗೆ, ಮನೆಗಲ್ಲ. ಲೈಸೆನ್ಸುದಾರರ ಸಮ್ಮುಖದಲ್ಲಿ, ಅಥವಾ ಅವರ ಲಿಖಿತ ಅನುಮತಿಯ ಮೇಲೆ, ದುರಸ್ತಿಗೋ ನವೀಕರಣಕ್ಕೋ ಅವರ ಉಪಯೋಗಕ್ಕೋ ಇನ್ನೊಬ್ಬರು ಕೋವಿ ಒಯ್ಯಬಹುದೆಂದು ಶಸ್ತ್ರಾಸ್ತ್ರ ಕಾಯ್ದೆಯ 3ನೇ ಕಲಮು ಹೇಳುತ್ತದೆಯೇ ಹೊರತು, ಮಗನು ತನ್ನ ಉಪಯೋಗಕ್ಕೆ ಎತ್ತಿಕೊಂಡು ಕಣಕ್ಕೆ ಹೋಗಬಹುದೆಂದು ಹೇಳುವುದಿಲ್ಲ. ಹಾಗೆ ಹೋದ ರಾತ್ರಿ ಗುಂಡು ಹಾರಿದರೆ ಆತ್ಮರಕ್ಷಣೆಯ ವಾದದ ಜೊತೆಗೆ ಲೈಸೆನ್ಸ್ ಇಲ್ಲದೆ ಬಂದೂಕು ಹೊಂದಿದ ಆರೋಪವನ್ನೂ ತಾವು ಎದುರಿಸಬೇಕಾಗುತ್ತದೆ, ತಂದೆಯವರ ಲೈಸೆನ್ಸಿಗೂ ಕುತ್ತು ಬರುತ್ತದೆ. ಇದಕ್ಕೆ ಸರಿಯಾದ ದಾರಿಯನ್ನು 2016ರ ನಿಯಮಗಳೇ ಕೊಟ್ಟಿವೆ. ಲೈಸೆನ್ಸುದಾರರಿಗೆ 70 ವರ್ಷ ತುಂಬಿದ್ದರೆ, ಅಥವಾ ಕೋವಿ ಅವರಲ್ಲಿ 25 ವರ್ಷ ಇದ್ದಿದ್ದರೆ, ಅವರು ಬದುಕಿರುವಾಗಲೇ ತಾವು ಸೂಚಿಸಿದ ವಾರಸುದಾರರ ಹೆಸರಿಗೆ ಅದನ್ನು ಬಿಟ್ಟುಕೊಡಲು ಅವಕಾಶವಿದೆ. ತಾವು ಅರ್ಹರಿದ್ದು ಪೊಲೀಸ್ ವರದಿಯಲ್ಲಿ ಪ್ರತಿಕೂಲ ಅಂಶ ಇಲ್ಲದಿದ್ದರೆ ತಮ್ಮ ಹೆಸರಿಗೆ ಲೈಸೆನ್ಸ್ ಆಗುತ್ತದೆ, ಮತ್ತು ಅದು ತಮ್ಮ ಎರಡರ ಮಿತಿಯಲ್ಲಿ ಒಂದೆಂದು ಎಣಿಕೆಯಾಗುತ್ತದೆ.

ಈ ಅರ್ಜಿಯನ್ನು ಮೊದಲು ಕೊಡಿ. ಮೂಲ ಲೈಸೆನ್ಸ್ ಪುಸ್ತಕ, ತಂದೆಯವರ ವಯಸ್ಸಿನ ದಾಖಲೆ, ಅವರ ಒಪ್ಪಿಗೆ ಪತ್ರ, ಒಡಹುಟ್ಟಿದವರಿದ್ದರೆ ಅವರ ನಿರಾಕ್ಷೇಪಣಾ ಪತ್ರ ಜೊತೆಗಿರಲಿ, ತರಬೇತಿ ಶಿಬಿರಕ್ಕೂ ಹೆಸರು ನೋಂದಾಯಿಸಿ. ಲೈಸೆನ್ಸ್ ತಮ್ಮ ಕೈಗೆ ಬರುವವರೆಗೆ ಕೋವಿ ತಂದೆಯವರ ಬೀಗದಲ್ಲೇ ಇರಲಿ, ಕಣದ ಕಾವಲಿಗೆ ಟಾರ್ಚು ಹಿಡಿದ ಇಬ್ಬರು ಹೋಗಲಿ. ಪರಿಶೀಲನೆಗೆ ಕೋವಿ ತರಬೇಕೆಂದು ಜಿಲ್ಲಾಧಿಕಾರಿ ಕಚೇರಿಯವರು ಹೇಳಿದ ದಿನ ತಂದೆಯವರನ್ನೂ ಜೀಪಿನಲ್ಲಿ ಕೂರಿಸಿಕೊಂಡೇ ಹಾಸನಕ್ಕೆ ಬನ್ನಿ.